ದಿಲಾವರ್ ಖಾನನ ಅರಮನೆ, ಶಿರಾ

ತುಮಕೂರು ಜಿಲ್ಲೆಯ ಶಿರಾದಲ್ಲಿದ್ದು ಅಳಿದುಹೋದ, ಮೊಘಲ್ ಸುಬೇದಾರ ದಿಲಾವರ್ ಖಾನನ (ಆಡಳಿತ 1726–1756) ನಿವಾಸ. ಆ ಕಾಲದ ಅರಮನೆ ಹೇಗಿತ್ತೆಂದು ನೋಡಬಯಸುವವರು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೋ (1784) ಬೆಂಗಳೂರು ಕೋಟೆಯ ಬೇಸಿಗೆ ಅರಮನೆಗೋ (1791) ಹೋಗುತ್ತಾರೆ. ಹೈದರ್ ಅಲಿ ಮತ್ತು ಅವನ ಮಗ ಟಿಪ್ಪು ಸುಲ್ತಾನ್ ಆ ಊರುಗಳಲ್ಲಿ ಕಟ್ಟಿಸಿದ ಅರಮನೆಗಳಿಗೆ ಶಿರಾದ್ದೇ ಮಾದರಿ ಎಂದು ಬಿ. ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಬರೆದರು. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಖಾನ್ ಬಾಗ್ ತೋಟವೇ ಪ್ರೇರಣೆ ಎಂಬ ಮಾತೂ ಅದರ ಜೊತೆಗೇ ಬಂದಿದೆ.

ಮಾದರಿ ಎಂಬುದನ್ನು ನಕ್ಷೆಯ ನಕಲು ಎಂದು ತಿಳಿದರೆ ಈ ಹೇಳಿಕೆ ನಿಲ್ಲುವುದು ಕಷ್ಟ. ಹೋಲಿಸಿ ನೋಡಲು ಮೂಲ ಕಟ್ಟಡವೇ ಇಲ್ಲ. ಮರದ ಕಂಬ, ಕಮಾನುಗಳ ಶೈಲಿ ಶಿರಾದ ಸ್ವಂತ ಸೊತ್ತೂ ಅಲ್ಲ. ಆದರೂ ಹೇಳಿಕೆಯನ್ನು ತಳ್ಳಿಹಾಕಲಾಗದು. 1687ರಿಂದ ಶಿರಾ ಏಳು ಪರಗಣೆಗಳ ಮೊಘಲ್ ಸುಬಾದ (ಪ್ರಾಂತದ) ರಾಜಧಾನಿಯಾಗಿತ್ತು. ಹೈದರನ ತಂದೆ ಫತೇ ಮಹಮ್ಮದ್ ಶಿರಾ ನವಾಬರ ಸೇವೆಯಲ್ಲಿದ್ದವನು. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗ್ ಹೈದರನಿಗೆ ಕೊಟ್ಟದ್ದೂ ಶಿರಾದ ನವಾಬಗಿರಿಯನ್ನೇ. ಮುಂದೆ ಟಿಪ್ಪು ಶಿರಾದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿಗೆ ಬಲವಂತವಾಗಿ ಸಾಗಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಸಂಖ್ಯೆ ದುಂಡಗಿದೆ, ನಿಜ. ಅದನ್ನು ಅರ್ಧಕ್ಕಿಳಿಸಿದರೂ ಒಂದು ಊರಿನ ಕಸುಬು, ಅಭಿರುಚಿ ಜನರ ಜೊತೆಗೇ ಹೊರಟವೆನ್ನಲು ಸಾಕು. ಮಾದರಿ ಎಂಬುದನ್ನು ಈ ಅರ್ಥದಲ್ಲಿ ಒಪ್ಪಬಹುದು.

ಮರ, ಮಣ್ಣು, ಗಾರೆಯ ಕಟ್ಟಡ ಬಾಳದು, ಅದಕ್ಕೇ ಶಿರಾದ ಅರಮನೆ ಅಳಿಯಿತು ಎಂಬ ವಿವರಣೆಯೂ ಉಂಟು. ಮಧುಗಿರಿ, ಪಾವಗಡಗಳ ಕಲ್ಲುಕೋಟೆಗಳು ಉಳಿದಿರುವುದು ಅದಕ್ಕೆ ಪೂರಕವೆನಿಸುತ್ತದೆ. ಆದರೆ ದರಿಯಾ ದೌಲತ್ ಕೂಡ ಬಹುಪಾಲು ತೇಗದ್ದೇ. 1799ರಲ್ಲಿ ಟಿಪ್ಪುವನ್ನು ಸೋಲಿಸಿದ ಬ್ರಿಟಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಆ ನಂತರ ಅದರಲ್ಲಿ ವಾಸಿಸಿದ. ಅದರ ಗೋಡೆಗಳ ಮೇಲಿದ್ದ, ಬ್ರಿಟಿಷರು ಸೋತ ಪೊಲ್ಲಿಲೂರು ಕದನದ ಭಿತ್ತಿಚಿತ್ರಗಳನ್ನು ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಬೆಂಗಳೂರಿನ ಅರಮನೆ 1868ರವರೆಗೆ ಸರ್ಕಾರಿ ಕಚೇರಿಯಾಗಿತ್ತು. ಗೆದ್ದವರಿಗೆ ಬೇಕಾದ ಮನೆಯ ಸೂರು ದುರಸ್ತಿಯಾಯಿತು. ಆದರೆ ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆ ಲಾಲ್ ಮಹಲನ್ನು ಅದೇ ಗೆದ್ದವರು ಕೆಡವಿದರು. ಹೀಗಾಗಿ ಉಳಿವನ್ನು ನಿರ್ಧರಿಸಿದ್ದು ಸಾಮಗ್ರಿಗಿಂತ ಹೆಚ್ಚಾಗಿ ಬಳಕೆ. 1757ರಿಂದ 1774ರೊಳಗೆ ಮರಾಠರ, ಮೈಸೂರಿನವರ ನಡುವೆ ಮತ್ತೆಮತ್ತೆ ಕೈಬದಲಾಗಿ, ಜನವನ್ನೂ ಕಳೆದುಕೊಂಡ ಶಿರಾಕ್ಕೆ ಅಂಥ ಒಡೆಯ ಸಿಗಲಿಲ್ಲ.

ದರಿಯಾ ದೌಲತ್ 1959ರಲ್ಲಿ ವಸ್ತುಸಂಗ್ರಹಾಲಯವಾಯಿತು. ಶಿರಾದಲ್ಲಿ ಈಗ ನೋಡಲು ಸಿಗುವುದು ಕೋಟೆಯ ಅವಶೇಷ, ಮೊಘಲರಿಗಿಂತ ಮೊದಲು ಬಿಜಾಪುರದ ಪರವಾಗಿ ಊರನ್ನು ಆಳಿದ ಮಲಿಕ್ ರಿಹಾನನ 1651ರ ಗೋರಿ ಮತ್ತು 1696ರ ಜಾಮಿಯಾ ಮಸೀದಿ.