ವೈದ್ಯನ ರಾತ್ರಿ ಯಾರ ಸ್ವತ್ತು?

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ನಮ್ಮ ಪರಂಪರೆಯಲ್ಲಿ ದೀರ್ಘವಾದ ಇತಿಹಾಸವಿದೆ. ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದರು, 14ನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ದ ಮೂಲಕ ವಿಷವೈದ್ಯವನ್ನು ಕನ್ನಡಿಗರ ಕೈಗಿತ್ತನು. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡ ರೈತನಿಗೆ ಇಂದು ಬೇಕಾದುದು ಔಷಧ ಮಾತ್ರವಲ್ಲ, ನಡುರಾತ್ರಿಯಲ್ಲಿ ಎಚ್ಚರವಾಗಿರುವ ವೈದ್ಯನೂ ಹೌದು.

ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದುದು 1961ರಲ್ಲಿ. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯೆಂದು ಹೆಸರಾಯಿತು. ಕುರುಗೋಡು, ಸಿರುಗುಪ್ಪಗಳಲ್ಲಿ ನಿಭಾಯಿಸಲಾಗದ ರೋಗಿಗಳು ಹಗಲಿರುಳೆನ್ನದೆ ಬರುವುದು ಬಳ್ಳಾರಿಗೇ. ಇಂತಹ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿಯ ಭಾರವನ್ನು ಬಹುಮಟ್ಟಿಗೆ ಹೊರುವವರು ಹೌಸ್ ಸರ್ಜನ್ನರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು.

ಈ ಭಾರಕ್ಕೆ ಎಲ್ಲೆ ಹಾಕುವ ಯತ್ನಗಳು ನಡೆದಿವೆ. 1992ರ ಜೂನ್ 5ರ ಕೇಂದ್ರ ಸರ್ಕಾರದ ನಿರ್ದೇಶನವು ನಿವಾಸಿ ವೈದ್ಯರ ನಿರಂತರ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆಗಳನ್ನು ಮೀರಬಾರದೆಂದಿತು. ಆದರೂ 2024ರ ಆಗಸ್ಟ್‌ನಲ್ಲಿ, ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆಯ ಹತ್ಯೆಯಾದ ಬಳಿಕ, 36 ಗಂಟೆಗಳ ಪಾಳಿಯ ಬಗ್ಗೆ ಸುಪ್ರೀಂ ಕೋರ್ಟು ಕಳವಳಪಡಬೇಕಾಯಿತು. ಯುರೋಪಿನ ನ್ಯಾಯಾಲಯವು 2000 ಮತ್ತು 2003ರ ತೀರ್ಪುಗಳಲ್ಲಿ, ಕರೆಗಾಗಿ ಆಸ್ಪತ್ರೆಯಲ್ಲೇ ಉಳಿದ ವೈದ್ಯನು ನಿದ್ರಿಸಿದ್ದರೂ ಆ ಹೊತ್ತು ದುಡಿಮೆಯ ಹೊತ್ತೇ ಎಂದು ಸಾರಿತು. ಮನೆಯಲ್ಲಿದ್ದು ಕರೆಗೆ ಸಿದ್ಧನಾಗಿರುವವನ ವಿಷಯದಲ್ಲಿ, 2000ದ ತೀರ್ಪು ಕರೆ ಬಂದು ದುಡಿದ ಸಮಯವನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಇವು ಹೊತ್ತಿನ ಎಣಿಕೆಯ ತೀರ್ಪುಗಳು. ವೇತನದ ದರವನ್ನು ಇವು ಗೊತ್ತುಮಾಡಲಿಲ್ಲ. ಆದರೆ ಎಣಿಕೆಗೇ ಬಾರದ ಹೊತ್ತಿಗೆ ಬೆಲೆ ಕಟ್ಟುವುದೆಂತು?

ವೈದ್ಯವೃತ್ತಿ ಸೇವೆಯಲ್ಲವೆ, ಅದಕ್ಕೆ ಗಂಟೆಯ ಲೆಕ್ಕವೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಶ್ರಾವಕಾಚಾರದಲ್ಲಿಯೇ ಉತ್ತರವಿದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಮಿತಿಮೀರಿ ಹೇರುವುದು ದೋಷವಾದರೆ, ಎರಡು ರಾತ್ರಿ ಕಣ್ಣು ಮುಚ್ಚದ ವೈದ್ಯನ ಮೇಲೆ ಮೂರನೆಯ ರಾತ್ರಿಯನ್ನು ಹೇರುವುದು ನಿರ್ದೋಷವಾದೀತೆ? ದಣಿದ ಕೈಯಿಂದ ತಪ್ಪಾದರೆ ಅದರ ಫಲವನ್ನು ಉಣ್ಣುವವನು ರೋಗಿ. ಇನ್ನು ಅಚೌರ್ಯವೆಂದರೆ ಕೊಡದುದನ್ನು ತೆಗೆದುಕೊಳ್ಳದಿರುವುದು. ತನ್ನ ನಿದ್ರೆಯನ್ನು ವೈದ್ಯನು ತಾನಾಗಿ ಇತ್ತರೆ ಅದು ಅವನ ದಾನ. ಕೇಳದೆ, ಸಂಬಳವಿಲ್ಲದೆ ಪಡೆದರೆ ಅದು ನಮ್ಮ ದಾನವೂ ಅಲ್ಲ, ಅವನದೂ ಅಲ್ಲ.

ಚಿಕಿತ್ಸಾಲಯ ನಡೆಸುವ ನಮ್ಮ ಬಸದಿಗಳ ಟ್ರಸ್ಟುಗಳು ಇದನ್ನು ಮೊದಲು ತಮ್ಮ ಲೆಕ್ಕಪುಸ್ತಕದಲ್ಲಿ ಪರಿಶೀಲಿಸಬೇಕು. ಔಷಧಕ್ಕೆ, ಕಟ್ಟಡಕ್ಕೆ, ದಾನಿಗಳ ಹೆಸರಿನ ಶಿಲಾಫಲಕಕ್ಕೆ ಖರ್ಚು ಬರೆದಂತೆ ರಾತ್ರಿಯ ಪಾಳಿಗೂ, ಮರುದಿನದ ವಿಶ್ರಾಂತಿಗೂ ಒಂದು ಬಾಬತ್ತು ಇರಲಿ. ಹಣ ಸಾಲದಿದ್ದರೆ ವಾರದಲ್ಲಿ ರಾತ್ರಿಗಳನ್ನು ಕಡಿಮೆ ಮಾಡಿ, ಅದನ್ನು ಬಾಗಿಲಲ್ಲಿ ಸ್ಪಷ್ಟವಾಗಿ ಬರೆದು ಹಾಕುವುದು ಮೇಲು. ದಾನವು ದಾನಿಯ ಸ್ವತ್ತಿನಿಂದಲೇ ಆಗತಕ್ಕದ್ದು.