ಮಾದಪ್ಪನ ಬೆಟ್ಟಕ್ಕೆ ಬಂಡಿ ಕಟ್ಟಿದ ಕಾಲ

1956ರ ನವೆಂಬರ್ 1, ಗುರುವಾರ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದುಗೂಡಿ ವಿಶಾಲ ಮೈಸೂರು ರಾಜ್ಯ ಹುಟ್ಟಿದ ದಿನ. ದೀಪಾವಳಿಯೂ ಅದೇ ವಾರ ಬಿದ್ದಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟದ ಜಾತ್ರೆಗೆ ಹೊರಟ ಸಂಸಾರಗಳಿಗೆ ಆ ಸಲದ ಯಾತ್ರೆಯಲ್ಲಿ ಒಂದು ಹೊಸತಿತ್ತು. ಬೆಟ್ಟ ಮುಟ್ಟಲು ರಾಜ್ಯದ ಗಡಿ ದಾಟಬೇಕಿರಲಿಲ್ಲ. ಟಿಪ್ಪು ಸುಲ್ತಾನ್ ಮಡಿದ 1799ರಲ್ಲಿ ಮೈಸೂರು ಸೀಮೆ ಪಾಲಾದಾಗ ಬೆಟ್ಟವಿರುವ ಕೊಳ್ಳೇಗಾಲ ಇಂಗ್ಲಿಷರ ಕಂಪನಿಯ ಕೈಸೇರಿ, ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಶಿವನಸಮುದ್ರದಲ್ಲಿ ಕಾವೇರಿಯ ಈಚೆ ದಡ ಮೈಸೂರು, ಆಚೆ ದಡ ಮದರಾಸು. ಮಂಡ್ಯದ ಮನೆಮನೆಯಲ್ಲೂ ಮಾದಪ್ಪನಾದ ಮಹದೇಶ್ವರ ನೂರೈವತ್ತು ವರ್ಷಕ್ಕೂ ಮಿಕ್ಕಿ ಪಕ್ಕದ ಪ್ರಾಂತದ ದೇವರಾಗಿದ್ದ.

ಗಡಿ ಎಲ್ಲಿದೆ ಎಂಬ ಚಿಂತೆ ಒಕ್ಕಲಿಗೆ ಇರಲಿಲ್ಲ. ಮಂಡ್ಯ ಕಡೆ ಈಗಲೂ 'ಬೆಟ್ಟಕ್ಕೆ ಹೊಂಟವ್ರೆ' ಎಂದರೆ ಯಾವ ಬೆಟ್ಟ ಎಂದು ಯಾರೂ ಕೇಳುವುದಿಲ್ಲ. ಮೇಲುಕೋಟೆ ಇದೇ ಜಿಲ್ಲೆಯದು, ಚಾಮುಂಡಿ ಬೆಟ್ಟವೂ ದೂರವಲ್ಲ. ಆದರೂ ಬೆಟ್ಟವೆಂದರೆ ಎಪ್ಪತ್ತೇಳು ಮಲೆಗಳ ನಡುವಿನ ಆ ಒಂದೇ ಬೆಟ್ಟ.

ವರ್ಷಕ್ಕೆ ನಾಲ್ಕು ಸಲ ಅಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ. ಕೊನೆಯ ಎರಡು ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಬರುತ್ತವೆ, ಮತ್ತು ಸಂಸಾರ ಸಮೇತ ಹೋಗಲು ಹೇಳಿ ಮಾಡಿಸಿದ ಕಾಲವದು. ಕನ್ನಂಬಾಡಿ ಅಣೆಕಟ್ಟೆಯ ನಾಲೆ ಬರುವ ಮುನ್ನ ಈ ಮೂರು ತಾಲ್ಲೂಕುಗಳ ಬಹುಪಾಲು ನೆಲ ರಾಗಿ, ಹುರುಳಿ ಬೆಳೆಯುವ ಹೊಲ. ಕಳೆ ತೆಗೆದು ಮುಗಿದಿರುತ್ತದೆ, ರಾಗಿ ತೆನೆಗಟ್ಟುತ್ತಿರುತ್ತದೆ, ಕೊಯ್ಲಿಗೆ ಇನ್ನೂ ದಿನವಿದೆ. ಕೆರೆಕಟ್ಟೆಯಲ್ಲಿ ನೀರು, ದಾರಿಯ ಎರಡೂ ಬದಿ ಎತ್ತಿಗೆ ಹಸಿರು ಹುಲ್ಲು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಟ್ಟ ಬಳಗ, ದೀಪಾವಳಿ ಹೊತ್ತಿಗೆ ಬೆಟ್ಟದ ಮಾತೆತ್ತುತ್ತಿತ್ತು.

ಹೊರಡುವ ಮುನ್ನಿನ ಸಿದ್ಧತೆಯೇ ಒಂದು ಹಬ್ಬ. ಮಾದಪ್ಪನಿಗೆ ಮಾಂಸ ಆಗದು. ಮನೆ ಸಾರಿಸಿ, ಮಡಕೆಕುಡಿಕೆ ತೊಳೆದು, ಬಾಡೂಟ ಬಿಟ್ಟು ಒಪ್ಪತ್ತು ಹಿಡಿಯುತ್ತಿದ್ದರು. ಕಾಯಿಲೆ ಕಸಾಲೆಯಲ್ಲಿ ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪಿನ ಕಾಸು ಗೂಡಿನಿಂದ ಕೆಳಗಿಳಿಯುತ್ತಿತ್ತು. ಗಂಡಸರು ಗಾಡಿಯ ಚಕ್ರ ಕಳಚಿ, ಅಚ್ಚಿಗೆ ಹರಳೆಣ್ಣೆ ಬೆರೆಸಿದ ಕೀಲೆಣ್ಣೆ ಬಳಿದು, ಬಿದಿರು ದಬ್ಬೆ ಬಗ್ಗಿಸಿ ಕಮಾನು ಕಟ್ಟಿ ಮೇಲೆ ಚಾಪೆ ಹೊದಿಸುತ್ತಿದ್ದರು. ಒಳಗೆ ಹುಲ್ಲು ಹರವಿ ಅದರ ಮೇಲೆ ಜಮಖಾನ. ಅಜ್ಜಿ, ಬಾಣಂತಿ, ಮಕ್ಕಳಿಗೆ ಅಲ್ಲಿ ಜಾಗ, ಉಳಿದವರಿಗೆ ನಡಿಗೆ. ರಾಗಿಹಿಟ್ಟು, ಹುರುಳಿಕಾಳು, ಬೆಲ್ಲ, ತಂಬಿಟ್ಟಿನ ಬುತ್ತಿ, ಎತ್ತಿಗೆ ಬೇರೆ ಹುರುಳಿ. ಗಾಡಿಯ ಕೆಳಗೆ ತೂಗುಹಾಕಿದ ಲಾಟೀನು. ಒಂಟಿ ಗಾಡಿ ಹೊರಡುತ್ತಿರಲಿಲ್ಲ. ಒಂದೂರಿನವು ಸಾಲುಗಟ್ಟಿ ಹೊರಟರೆ ಮುಂದಿನ ಊರಿನವು ಬಂದು ಸೇರಿಕೊಳ್ಳುತ್ತಿದ್ದವು.

ಮದ್ದೂರಿನಿಂದ ಮಳವಳ್ಳಿ, ಶಿವನಸಮುದ್ರ, ಕೊಳ್ಳೇಗಾಲ, ಹನೂರು, ಕೌದಳ್ಳಿ ಹಾದು ಬೆಟ್ಟ ಸುಮಾರು 140 ಕಿ.ಮೀ. ಎತ್ತು ದಣಿಯದಂತೆ ಹೊಡೆದರೆ ಐದಾರು ದಿನ. ಅಂದರೆ ಹೋಗಿ ಬರುವ ಹಾದಿಯಲ್ಲೇ ಹತ್ತು ರಾತ್ರಿ, ಬೆಟ್ಟದ ಮೇಲೆ ಎರಡೋ ಮೂರೋ. ಈ ಯಾತ್ರೆಯ ಚರಿತ್ರೆ ಹೇಳುವವರು ಬೆಟ್ಟದಷ್ಟೇ ಹಾದಿಯನ್ನೂ ನೋಡಬೇಕೆನ್ನುವುದು ಇದಕ್ಕೇ. ನೆಂಟರು ಕೂಡಿ ಬಾಳಿದ್ದು ಹೆಚ್ಚಾಗಿ ದಾರಿಯ ತಂಗುಗಳಲ್ಲಿ.

ಆ ಹಾದಿಯ ಕೀಲು ಇದ್ದದ್ದು ಶಿವನಸಮುದ್ರದಲ್ಲಿ. ಅಲ್ಲಿ ಕಾವೇರಿ ಎರಡು ಕವಲಾಗಿ ಒಡೆದು, ನಡುವೆ ದ್ವೀಪ ಬಿಟ್ಟು, ಮುಂದೆ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತದೆ. 19ನೇ ಶತಮಾನದ ಆರಂಭಕ್ಕೆ ಹಳೆಯ ಸೇತುವೆಗಳು ಮುರಿದುಬಿದ್ದು ದ್ವೀಪ ಕಾಡುಪಾಲಾಗಿತ್ತು. ಅದನ್ನು ಎತ್ತಿ ನಿಲ್ಲಿಸಿದವರು ತಿರುಚಿನಾಪಳ್ಳಿಯ ರಾಮಸ್ವಾಮಿ ಮೊದಲಿಯಾರ್, ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ಕೆಲಸಕ್ಕಿದ್ದವರು. ಕಾಡು ಕಡಿಸಿ, ಗುಡಿಗಳನ್ನು ದುರಸ್ತಿ ಮಾಡಿಸಿ, ಎರಡೂ ಕವಲಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. 1830ರ ದಶಕದ ಆರಂಭಕ್ಕೆ ಗಾಡಿಗಳು ಓಡಾಡುವಂತಾಯಿತು. ಇಂಗ್ಲಿಷ್ ಸರ್ಕಾರ ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದು ಕೊಟ್ಟಿತು. ಅದರ ಜೊತೆಗೆ ಮೈಸೂರು ಸರ್ಕಾರವೂ ಹಳ್ಳಿಗಳನ್ನು ಜಹಗೀರಾಗಿ ಬಿಟ್ಟುಕೊಟ್ಟಿತು. ನಾಡಿನ ದೊಡ್ಡ ದೊರೆಗಳ ಸಾಲಿನಲ್ಲಿ ಮೊದಲಿಯಾರರ ಹೆಸರು ಇಲ್ಲ. ಆದರೆ ಮಳವಳ್ಳಿ ಕಡೆಯ ಒಕ್ಕಲುಗಳಿಗೆ ಮಾದಪ್ಪನ ದರ್ಶನದ ದಾರಿ ಹಸನು ಮಾಡಿದವರಲ್ಲಿ ಅವರಿಗಿಂತ ದೊಡ್ಡವರು ಸಿಗುವುದು ಕಷ್ಟ.

ಆ ಸೇತುವೆಗಳನ್ನು ಹತ್ತಿರದಿಂದ ನೋಡಬೇಕು. ಕಮಾನುಗಳಿಲ್ಲ. ಹೊಳೆಯ ತಳದ ಬಂಡೆಗೆ ನೆಟ್ಟ ಉಳಿ ಏಟಿನ ಕಲ್ಲುಕಂಬಗಳು, ಅವುಗಳ ತಲೆಯ ಮೇಲೆ ಅಡ್ಡ ಹಾಯಿಸಿದ ಕಲ್ಲುತೊಲೆ, ಅದರ ಮೇಲೆ ದಾರಿ. ನೇರ ಗೆರೆಯೂ ಅಲ್ಲ, ಹಾದಿ ನಡುನೀರಿನಲ್ಲಿ ಬಾಗುತ್ತದೆ. ಇವುಗಳಲ್ಲಿ ಈಚಿನ ಕಾಲದಲ್ಲಿ ವೆಸ್ಲಿ ಸೇತುವೆ ಎಂದೇ ಹೆಸರಾದ ಕಟ್ಟೋಣ, ಪಕ್ಕದಲ್ಲಿ ಹೊಸ ಸೇತುವೆ ಬಂದ ಮೇಲೂ ಬಹುಕಾಲ ಗಟ್ಟಿಯಾಗಿ ನಿಂತಿತ್ತು. 2018ರ ಮಳೆಗಾಲದ ಪ್ರವಾಹಕ್ಕೆ ಅದರ ಒಂದು ಭಾಗ ಕೊಚ್ಚಿಹೋಯಿತು.

ದೀಪಾವಳಿ ಯಾತ್ರೆಗೆ ಸೇತುವೆ ಏಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಶಿವರಾತ್ರಿ ಯಾತ್ರೆಯೇ ಸಾಕ್ಷಿ. ಮಾಘ ಮಾಸದ ಕೊನೆಗೆ ಕಾವೇರಿ ಬತ್ತಿರುತ್ತದೆ. ಆಗ ಕನಕಪುರ, ಮಳವಳ್ಳಿ ಕಡೆಯ ನಡಿಗೆಯ ಜನ ಸೇತುವೆಯ ಸುತ್ತುದಾರಿ ಬಿಟ್ಟು, ಸಂಗಮದ ಕಾಡಿನಲ್ಲಿ ಇಳಿದು, ಬಸವನಕಡದಂಥ ಜಾಗದಲ್ಲಿ ಎದೆಮಟ್ಟದ ನೀರು ಹಾಯ್ದು, ಶಾಗ್ಯದ ಕಡೆಯಿಂದ ಬೆಟ್ಟಕ್ಕೆ ಹೋಗುತ್ತಾರೆ. ಹಗ್ಗ ಹಿಡಿದು ಸಾಲಾಗಿ ಹೊಳೆ ದಾಟುವ ಆ ಹಾದಿ ಗಟ್ಟಿ ಕಾಲಿನವರದು. ಆಶ್ವಯುಜದಲ್ಲಿ ಹೊಳೆ ತುಂಬಿರುತ್ತದೆ, ಹಾಯುವ ಮಾತೇ ಇಲ್ಲ. ಮುದುಕರು, ಮಕ್ಕಳು, ಗಾಡಿ, ಎತ್ತು ಎಲ್ಲವೂ ಸೇತುವೆಯ ಮೇಲೆಯೇ ಹೋಗಬೇಕು. ಒಂದೇ ಬೆಟ್ಟಕ್ಕೆ ಎರಡು ಬಗೆಯ ಯಾತ್ರೆ ಬೆಳೆದದ್ದರಲ್ಲಿ ಹೊಳೆಯ ನೀರಿನ ಮಟ್ಟಕ್ಕೂ ಪಾಲಿದೆ.

ಕೊಳ್ಳೇಗಾಲ ದಾಟಿದರೆ ನೆಲ ಬದಲಾಗುತ್ತದೆ. ಹನೂರಿನವರೆಗೆ ಬಯಲು, ಕೌದಳ್ಳಿ ಆದಮೇಲೆ ಕಾಡು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಊರುಗಳನ್ನೇ ಹಾದು ಕಾವೇರಿಪುರದ ಘಟ್ಟ ಇಳಿದಿದ್ದ. ಮೈಸೂರಿನಿಂದ ಸೇಲಂ ಸೀಮೆಗೆ ಇಳಿಯುವ ಹಳೆಯ ವ್ಯಾಪಾರದ ಹಾದಿ ಅದು. ಹಾಗಾಗಿ ಭಕ್ತರು ಹೊಸದಾಗಿ ದಾರಿ ಮಾಡಿಕೊಳ್ಳಬೇಕಿರಲಿಲ್ಲ, ಹೇರಿನ ಎತ್ತುಗಳು ತುಳಿದ ದಾರಿಯಲ್ಲೇ ನಡೆದರು. ಕಾಡಿನಲ್ಲಿ ಸಂಜೆಯಾಗುವ ಮುನ್ನವೇ ಬಂಡಿ ಬಿಟ್ಟು, ಸುತ್ತುಗಟ್ಟಿ ನಿಲ್ಲಿಸಿ, ನಡುವೆ ಎತ್ತುಗಳನ್ನು ಕಟ್ಟಿ, ಹೊರಗೆ ಬೆಂಕಿ ಹಾಕುವುದು. ಆನೆ, ಹುಲಿ, ಚಿರತೆಯ ಕಾಡು ಅದು ಅಂದಿಗೂ, ಇಂದಿಗೂ.

ತಾಳುಬೆಟ್ಟ ತಲುಪಿದರೆ ಅರ್ಧ ಹರಕೆ ತೀರಿದಂತೆ. ಅಲ್ಲಿ ಕಾಯಿ ಒಡೆದು, ಧೂಪ ಹಾಕಿ, ಕಾಲುಹಾದಿ ಹಿಡಿದು ರಂಗಸ್ವಾಮಿ ಒಡ್ಡು, ಆನೆತಲೆದಿಂಬದ ಮೇಲೆ ಏರುವುದು. ಡಾಂಬರು ರಸ್ತೆ ಬಂದ ಮೇಲೂ ಈ ಕಾಲುಹಾದಿ ಬಿಡದವರಿದ್ದಾರೆ. ಸುಸ್ತಾದಾಗ ಯಾರೋ ಒಬ್ಬರು 'ಉಘೇ ಮಾದಪ್ಪ' ಎಂದರೆ ಹಿಂದೆ ಮುಂದೆ ಇರುವ ಗುರುತಿಲ್ಲದ ಜನವೂ 'ಉಘೇ ಉಘೇ' ಎನ್ನುತ್ತಾರೆ, ಕಾಲು ತಾನಾಗಿ ಎದ್ದು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ.

ಮೇಲೆ ಅಂತರಗಂಗೆಯಲ್ಲಿ ಮಿಂದು, ಮುಡಿ ಕೊಟ್ಟು, ಗುಡಿ ಸುತ್ತ ಉರುಳುಸೇವೆ, ಪಂಜಿನ ಸೇವೆ. ದೀಪಾವಳಿಯಲ್ಲಿ ಮಾದಪ್ಪನಿಗೆ ಎಣ್ಣೆಮಜ್ಜನ. ಪೂಜೆಯ ಹಕ್ಕು ಬೇಡಗಂಪಣರದು. ಆ ಸಮುದಾಯದ 101 ಪುಟ್ಟ ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಾಲುಹಳ್ಳಕ್ಕೆ ಬರಿಗಾಲಲ್ಲಿ ಹೋಗಿ ನೀರು ತರುವ ಹಾಲರವಿ ಉತ್ಸವ ನೋಡಲೆಂದೇ ದಾರಿಯುದ್ದಕ್ಕೂ ಜನ ಕಾಯುತ್ತಾರೆ. ಬಲಿಪಾಡ್ಯಮಿಗೆ ತೇರು. ಬೆಟ್ಟದ ಗುಡಿಯನ್ನು ಕಟ್ಟಿಸಿದವನು ಆಲಂಬಾಡಿಯ ಕುರುಬ ಸಾಹುಕಾರ ಜುಂಜೇಗೌಡ ಎಂದು ಕಥೆ. ಸೋಲಿಗರಿಗೆ ಮಾದಪ್ಪ ತಮ್ಮವನು. ಒಕ್ಕಲಿಗರು, ಲಿಂಗಾಯತರು, ನಾಯಕರು, ಹೊಲೆಯ ಮಾದಿಗ ಕೇರಿಯವರು ಎಲ್ಲರಿಗೂ ಅವನು ಮನೆದೇವರು. ಒಂದೇ ಜಗಲಿಯಲ್ಲಿ ಕೂರದ ಕಾಲದಲ್ಲೂ ಇವರೆಲ್ಲ ಒಂದೇ ಹಾದಿಯಲ್ಲಿ ನಡೆದರು. ಮಲೆಯ ದೊಡ್ಡಸ್ತಿಕೆ ಇರುವುದು ಇಲ್ಲಿ.

ಕೂಟದ ನಾಲಗೆ ಎಂದರೆ ಕಂಸಾಳೆಯವರು. ದೇವರಗುಡ್ಡನಾಗಿ ಹರಕೆ ಹೊತ್ತು, ಜೋಳಿಗೆ, ಬೆತ್ತ, ರುದ್ರಾಕ್ಷಿ ಪಡೆದು, ಊರೂರಲ್ಲಿ ಕೋರಣ್ಯ ಬೇಡುವವರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ; ಅದನ್ನು ಬೀಸಿ ತಿರುಗಿಸಿ ಬಟ್ಟಲಿಗೆ ಹೊಡೆದರೆ ಬರುವ ಸದ್ದಿಗೆ ಮಲಗಿದ ಮಕ್ಕಳು ಎದ್ದು ಕೂರುತ್ತವೆ. ಶ್ರವಣನ ಸೊಕ್ಕು ಮುರಿದದ್ದು, ಸಂಕಮ್ಮನ ಪಾಡು, ಇಕ್ಕೇರಿ ದೇವಮ್ಮನ ಸಾಲು ಎಂದು ರಾತ್ರಿಗಟ್ಟಲೆ ನಡೆಯುವ ಮಾದಪ್ಪನ ಕಾವ್ಯ ಬಂಡಿ ಬಿಟ್ಟ ತೋಪುಗಳಲ್ಲೇ ಹೆಚ್ಚು ಕೇಳಿಬಂದದ್ದು. 1973ರಲ್ಲಿ ಪಿ.ಕೆ. ರಾಜಶೇಖರ ಅವರ ಸಂಗ್ರಹ ಅಚ್ಚಾದ ಮೇಲೆ ಓದುಬಲ್ಲವರಿಗೆ ಅದರ ಹರಹು ತಿಳಿಯಿತು. ಓದುಬರಹ ಬಾರದ ತಾಯಂದಿರಿಗೆ ಅದು ತಲೆಮಾರುಗಳಿಂದ ಗೊತ್ತಿತ್ತು.

ಮದುವೆಯಾಗಿ ಮದ್ದೂರು ಕಡೆ ಹೋದ ಮಗಳು ಮಳವಳ್ಳಿಯ ತವರಿನವರನ್ನು ಕಾಣಲು ಗೌರಿಹಬ್ಬವಿತ್ತು, ಅದು ಬಿಟ್ಟರೆ ಬೆಟ್ಟ. ಗಂಡನ ಮನೆಯ ಬಂಡಿಯಲ್ಲಿ ಬಂದವಳು ಹಾದಿಯಲ್ಲಿ ಅಣ್ಣಂದಿರ ಬಂಡಿಗೆ ಹತ್ತಿಕೊಂಡು ಅವ್ವನ ಪಕ್ಕ ಕೂರಬಹುದಿತ್ತು. ಅಡುಗೆ ಒಲೆ ಒಟ್ಟಿಗೆ ಹೂಡಿದಲ್ಲಿ ಹೆಣ್ಣು ನೋಡುವುದು, ಮುನಿಸಿಕೊಂಡ ದಾಯಾದಿಗಳಿಗೆ ಹಿರಿಯರು ಬುದ್ಧಿ ಹೇಳುವುದು, ಎತ್ತಿನ ವ್ಯಾಪಾರ ಕುದುರಿಸುವುದು, ಎಲ್ಲವೂ ನಡೆಯುತ್ತಿತ್ತು. ಹಳ್ಳಿಕಾರ್ ಎತ್ತಿನ ಮಂಡ್ಯದವರಿಗೆ ಬೆಟ್ಟದ ತಪ್ಪಲಿನ ಆಲಂಬಾಡಿ ತಳಿಯ ಮೇಲೆ ಯಾವಾಗಲೂ ಕಣ್ಣು. ಆ ತಳಿಗೆ ಮಹದೇಶ್ವರಬೆಟ್ಟದ ದನ ಎಂಬ ಹೆಸರೂ ಉಂಟು.

ಈ ನಿಧಾನದ ಯಾತ್ರೆ ಒಂದೇ ಏಟಿಗೆ ನಿಲ್ಲಲಿಲ್ಲ. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲು ಬಂದಾಗ ಮದ್ದೂರು ನಿಲ್ದಾಣ ಶಿವನಸಮುದ್ರಕ್ಕೆ ಬಾಗಿಲಾಯಿತು. 1902ರಲ್ಲಿ ಅಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, ಬೆಟ್ಟದ ಬಂಡಿಗಳು ಆಮೇಲೂ ಬಹುಕಾಲ ಲಾಟೀನಿನಲ್ಲೇ ನಡೆದವು. ನಿಜವಾದ ಬದಲಾವಣೆ ತಂದದ್ದು ನಾಲೆ. ಕನ್ನಂಬಾಡಿಯ ನೀರು 1930ರ ದಶಕದಲ್ಲಿ ಹೊಲಗಳಿಗೆ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಒಕ್ಕಲಿಗನ ಗಾಡಿ ಕಬ್ಬು ಹೊರುವ ಗಾಡಿಯಾಯಿತು. ಗದ್ದೆ ಎರಡು ವಾರದ ಬಿಡುವು ಕೊಡುವುದಿಲ್ಲ. ಕೈಯಲ್ಲಿ ಕಾಸು ಓಡಾಡಿತು, ಬಸ್ಸು ಬಂತು, ಲಾರಿ, ಟ್ರ್ಯಾಕ್ಟರ್, ಟೆಂಪೊ ಬಂದವು. ಐದು ದಿನದ ಹಾದಿ ಐದು ಗಂಟೆಗಿಳಿಯಿತು.

ನಡುವೆ ಒಂದು ಕೆಟ್ಟ ಕಾಲವೂ ಹೋಯಿತು. ಕಾಡುಗಳ್ಳ ವೀರಪ್ಪನ್ ಈ ಕಾಡನ್ನು ಆಳಿದ ವರ್ಷಗಳಲ್ಲಿ ಬೆಟ್ಟ ವಿಶೇಷ ಕಾರ್ಯಪಡೆಯ ಠಾಣ್ಯವಾಯಿತು. 1992ರ ಆಗಸ್ಟ್‌ನಲ್ಲಿ ಮೀಣ್ಯದ ಬಳಿ ಎಸ್ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹ್ಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬಿಗೆ 22 ಜನ ಬಲಿಯಾದರು. 2004ರ ಅಕ್ಟೋಬರ್ 18ರಂದು ಅವನ ಕಥೆ ಮುಗಿದಾಗ ದೀಪಾವಳಿಗೆ ತಿಂಗಳೂ ಇರಲಿಲ್ಲ.

2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಗಂಡಸರ ಬಿಡುವಿಗೆ, ಬಾಡಿಗೆ ಕಾಸಿಗೆ ಕಾಯಬೇಕಿದ್ದ ಅವ್ವ, ಅತ್ತಿಗೆ, ಸೊಸೆಯಂದಿರು ತಾವೇ ಗುಂಪು ಕಟ್ಟಿಕೊಂಡು ಹೊರಡಬಹುದು. ಹಳೆಯ ತಂಗುತೋಪುಗಳು ಇವರಿಗೆ ಬೇಕಿಲ್ಲ. ಬಸ್ಸು ಅವುಗಳ ಮುಂದೆ ನಿಲ್ಲದೆ ಹೋಗುತ್ತದೆ. ಹೋದ ತೋಪುಗಳ ಬಗ್ಗೆ ಮರುಗುವಾಗಲೂ, ಬಂಡಿಯ ಕಾಲದಲ್ಲಿ ಹೆಣ್ಣಿಗೆ ತಾನಾಗಿ ಹೊರಡುವ ಈ ಸ್ವಾತಂತ್ರ್ಯ ಇರಲಿಲ್ಲ ಎಂಬುದನ್ನು ಮರೆಯಲಾಗದು.

ಯಾತ್ರೆ ಹಿಮ್ಮುಖವಾಗಿ ನಡೆದದ್ದೂ ಉಂಟು. ಬಾಲಕ ಮಾದಪ್ಪ ತನ್ನ ಮಹಿಮೆ ತೋರಿದ ಜಾಗವೆಂದು ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿ, ಸಂಗಾಪುರ ಬಳಿಯ ತ್ರಿವೇಣಿ ಸಂಗಮವನ್ನು ಜನ ನಂಬುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಅಲ್ಲಿ ಕುಂಭಮೇಳ ನಡೆದಾಗ ಬೆಟ್ಟದಿಂದ ಮಾದಪ್ಪನ ಜ್ಯೋತಿಗಳು ರಥವೇರಿ ಇಳಿದು ಬಂದವು. ಮಂಡ್ಯ ಜಿಲ್ಲೆಯ ಊರೂರ ಬಾಗಿಲಲ್ಲಿ ಹೆಂಗಸರು ರಂಗೋಲಿ ಬಿಟ್ಟು, ಆರತಿ ಹಿಡಿದು ಎದುರುಗೊಂಡರು. ಮೇಳ ಮುಗಿದ ಹತ್ತು ದಿನಕ್ಕೆ ದೀಪಾವಳಿ ಬಂತು, ಆ ಊರುಗಳ ಜನ ಎಂದಿನಂತೆ ಬೆಟ್ಟದ ಬಸ್ಸು ಹತ್ತಿದರು.