ಮಂಗಳೂರು ಹಂಚಿನ ಊರಿನ ಎರಡು ಚರ್ಚ್: ಒಂದು ಪಲ್ಟನ್ನಿನದು, ಇನ್ನೊಂದು ಕೆಲಸಗಾರರದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಹಳೇ ಚರ್ಚ್ ಕಂಡರೆ ‘ಇಂಗ್ಲಿಷರು ಕಟ್ಟಿದ್ದು’ ಅಂದುಬಿಡ್ತೀವಿ. ಎಲ್ಲಾ ಕಡೆ ಅದು ಖರೇ ಅಲ್ಲ. ನಮ್ಮ ಮನೆ ಮೇಲಿನ ಹಂಚು ಬಂದ ಮಂಗಳೂರಲ್ಲೇ ಇದಕ್ಕೆ ಸಾಕ್ಷಿ ಇದೆ.

ಸೇಂಟ್ ಪಾಲ್ಸ್ ಚರ್ಚ್

ನೆಹರೂ ಮೈದಾನದ ಹತ್ತಿರ ಇರುವ ಈ ಚರ್ಚ್ 1840ರ ದಶಕದ್ದು. ಇದು ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ರಾಜಸತ್ತೆಗೆ ಸೇರಿದ ಸಭೆ. ಕಂಪನಿ ಸರ್ಕಾರದ ಸೈನಿಕರು, ಅಧಿಕಾರಿಗಳು ಇಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಗಡಿಯಾರದ ಗೋಪುರವೇ ಇದರ ಗುರುತು.

ಬಲ್ಮಠದ ಶಾಂತಿ ಚರ್ಚ್

1862ರ ಈ ಚರ್ಚ್ ಬಾಸೆಲ್ ಮಿಷನ್‌ನದು. ಇವರು ಇಂಗ್ಲಿಷರಲ್ಲ, ಜರ್ಮನಿ, ಸ್ವಿಟ್ಜರ್ಲೆಂಡ್‌ನವರು. 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗಿಟ್ಟಾಗ ಅವರ ಕಸುಬೂ ಹೋಯಿತು. ಹೊಟ್ಟೆಪಾಡಿಗೆ ಮಿಷನ್ ನೇಯ್ಗೆ ಶುರು ಮಾಡಿತು. ಖಾಕಿ ಬಣ್ಣದ ಬಟ್ಟೆಗೆ ಹೆಸರಾದದ್ದು ಇದೇ ಬಲ್ಮಠದ ಮಗ್ಗಗಳು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಅದಕ್ಕೆ ಒದಗಿತು.

ಹಂಚಿನ ಗುಟ್ಟು

ನಾಡಹಂಚು ಒಂದರ ಮೇಲೊಂದು ಕೂತಿರುತ್ತೆ ಅಷ್ಟೇ. ಮಂಗ ಹತ್ತಿದರೂ ಜಾರುತ್ತೆ. ಮಂಗಳೂರು ಹಂಚಿಗೆ ಅಂಚಿನಲ್ಲಿ ಗಾಡಿ ಇರೋದರಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಕಡಿಮೆ ಹಂಚಿನಲ್ಲಿ ಹೆಚ್ಚು ಜಾಗ ಮುಚ್ಚುತ್ತೆ, ತೊಲೆ ಮೇಲಿನ ಭಾರವೂ ಕಡಿಮೆ. ಚರ್ಚ್, ಶಾಲೆ, ಸ್ಟೇಷನ್‌ಗಳ ಅಗಲದ ಮಾಡಿಗೆ ಇದು ಒಗ್ಗಿತು.

ಯುದ್ಧ ಬಂದಾಗ

1914ರ ಮಹಾಯುದ್ಧದಲ್ಲಿ ಜರ್ಮನ್ನರು ಬ್ರಿಟಿಷರಿಗೆ ಶತ್ರುಗಳಾದರು. ಮಿಷನ್‌ನ ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಕೊಟ್ಟಿತು. ಯಾವ ಕೆಲಸ ನಂಬಿ ಜನ ಬದುಕಿದ್ದರೋ, ಅದರ ಯಜಮಾನಿಕೆಯೇ ಬದಲಾಯಿತು.

ಸಿಎಸ್ಐ ಅಂದ್ರೆ?

1947ರ ಸೆಪ್ಟೆಂಬರ್ 27ರಂದು ಚೆನ್ನೈನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಇತರ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಆಯಿತು. ಅದೇ ಸಿಎಸ್ಐ. ಬಾಸೆಲ್ ಮಿಷನ್ ಸಭೆಗಳೂ ಇದರಲ್ಲಿ ಸೇರಿವೆ. ಪಲ್ಟನ್ನಿನ ಚರ್ಚ್, ಕೆಲಸಗಾರರ ಚರ್ಚ್ ಈಗ ಒಂದೇ ಬೋರ್ಡಿನ ಕೆಳಗಿವೆ.

ನಮಗೆ ಹತ್ತಿರದ ನಂಟು ಅಂದ್ರೆ ನೇಕಾರರ ಊರು ಬೆಟಗೇರಿ. ಅಲ್ಲಿಗೆ ಬಾಸೆಲ್ ಮಿಷನ್ ಬಂದದ್ದು 1841ರಲ್ಲಿ. ‘ಜರ್ಮನ್ ದವಾಖಾನೆ’ ಅನ್ನೋ ಮಾತು ಇನ್ನೂ ಉಳಿದಿರೋದು ಅದಕ್ಕೇ.

ಹಳೇ ಮನೆ, ಅಂಗಡಿ ಕೆಡವುವಾಗ ಹಂಚಿನ ಬೆನ್ನು ತಿರುಗಿಸಿ ನೋಡಿ. ಕಾರ್ಖಾನೆ ಹೆಸರು ಅಚ್ಚಾಗಿದ್ದರೆ, ಅಂಥದ್ದೊಂದನ್ನಾದರೂ ತೆಗೆದಿಡಿ.